ಮಳೆ ನಿಂತ ಮೇಲೆ ಬರುವ ಹಕ್ಕಿಗಳು: ಕಲಬುರಗಿ ಸೀಮೆಗೆ ಯಾಕೆ ಬರುತ್ತವೆ, ಹೇಗೆ ಬರುತ್ತವೆ

ಕಲಬುರಗಿ ಅಂದರೆ ಬಿಸಿಲು ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಹಕ್ಕಿ ನೋಡೋಕೆ ಏನಿದೆ, ಅದಕ್ಕೆಲ್ಲ ದಾಂಡೇಲಿಗೋ ರಂಗನತಿಟ್ಟಿಗೋ ಹೋಗಬೇಕು ಅನ್ನುವವರೇ ಜಾಸ್ತಿ. ಆದರೆ ಸೆಪ್ಟೆಂಬರ್ ಕೊನೆಯಿಂದ ನಮ್ಮ ಎರೆ ಹೊಲಗಳ ಮೇಲೆ, ಕೆರೆ ದಂಡೆಯಲ್ಲಿ, ಹಿತ್ತಲ ಬೇವಿನ ಮರದಲ್ಲಿ ಕಜಕಿಸ್ತಾನ, ರಷ್ಯಾ, ಮಂಗೋಲಿಯ ಕಡೆಯ ಹಕ್ಕಿಗಳು ಬಂದು ಇಳಿದಿರುತ್ತವೆ. ತೊಗರಿಗೆ ಔಷಧ ಹೊಡೆಯುವವರ ತಲೆ ಮೇಲೇ ಹಾರುತ್ತಿರುತ್ತವೆ. ನಾವು ಕತ್ತೆತ್ತಿ ನೋಡುವುದಿಲ್ಲ, ಅಷ್ಟೆ.

ಇದೇನು ಹೊಸ ಸಂಗತಿಯಲ್ಲ. 1931-32ರಲ್ಲಿ ಸಾಲಿಂ ಅಲಿ ಅವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆಗ ಅದೇ ಸಂಸ್ಥಾನದಲ್ಲಿದ್ದವು. ಭಾರತದ ಹಕ್ಕಿ ಅಧ್ಯಯನಕ್ಕೆ ದೊಡ್ಡ ದಾರಿ ಹಾಕಿಕೊಟ್ಟ ಮನುಷ್ಯ ತನ್ನ ಮೊದಮೊದಲ ಸಮೀಕ್ಷೆಗಳಲ್ಲಿ ಒಂದನ್ನು ಮಾಡಿದ್ದು ನಾವಿರುವ ಈ ದಖ್ಖನ್ ನೆಲದ ಮೇಲೆ. ನನಗೆ ಇದು ಹೆಮ್ಮೆಯ ವಿಷಯ.

ಹಾಗಾದರೆ ಅಷ್ಟು ದೂರದ ಹಕ್ಕಿಗೆ ನಮ್ಮೂರೇ ಯಾಕೆ ಬೇಕು? ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಚಳಿಗಿಂತ ಹಸಿವು ದೊಡ್ಡದು

ಚಳಿ ತಾಳಲಾರದೆ ಹಕ್ಕಿಗಳು ಬರುತ್ತವೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದು ಅರ್ಧ ಮಾತ್ರ ಸರಿ. ಹಕ್ಕಿಯ ಗರಿ ಬಹಳ ಬೆಚ್ಚಗಿನ ಹೊದಿಕೆ. ಹೊಟ್ಟೆಗೆ ಸಿಗುವುದಾದರೆ ಎಷ್ಟೋ ಹಕ್ಕಿಗಳು ಹಿಮದಲ್ಲೂ ಬದುಕುತ್ತವೆ. ಸೈಬೀರಿಯದ ಕಾಗೆ ಜಾತಿಯ ಹಕ್ಕಿಗಳು, ಕೆಲವು ಗೂಬೆಗಳು ಚಳಿಗಾಲದಲ್ಲೂ ಊರು ಬಿಡುವುದಿಲ್ಲ.

ಕಷ್ಟ ಇರುವುದು ಊಟದ್ದು. ಅಲ್ಲಿ ಅಕ್ಟೋಬರ್ ಹೊತ್ತಿಗೆ ಮಿಡತೆ ಸತ್ತಿರುತ್ತದೆ, ಹುಳ ನೆಲದೊಳಗೆ ಸೇರಿರುತ್ತದೆ. ಆಮೇಲೆ ಕೆರೆ ಹೆಪ್ಪುಗಟ್ಟುತ್ತದೆ, ಕೆಸರು ಕಲ್ಲಾಗುತ್ತದೆ. ಹಗಲೂ ಚಿಕ್ಕದಾಗುತ್ತದೆ. ಉತ್ತರ ಕಜಕಿಸ್ತಾನದ ಹುಲ್ಲುಗಾವಲಿನಲ್ಲಿ ಜೂನ್‌ನಲ್ಲಿ ಹಗಲು 16 ಗಂಟೆಗೂ ಹೆಚ್ಚು. ಡಿಸೆಂಬರ್‌ನಲ್ಲಿ 8 ಗಂಟೆಗೂ ಕಡಿಮೆ. ಆಹಾರ ಕಡಿಮೆ, ಅದನ್ನು ಹುಡುಕಲು ಹೊತ್ತೂ ಕಡಿಮೆ, ರಾತ್ರಿ ಮಾತ್ರ ಉದ್ದ. ಹುಳ ತಿನ್ನುವ ಹಕ್ಕಿ ಅಲ್ಲಿ ಉಳಿಯುವುದು ಸಾಧ್ಯವೇ ಇಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಗುತ್ತಿರುತ್ತದೆ? ಮುಂಗಾರು ಮಳೆ ಮುಗಿಯುತ್ತಾ ಬಂದಿರುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬಿರುತ್ತದೆ. ಈ ಮಣ್ಣಿನ ಗುಣವೇ ಬೇರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಟ್ಟುಕೊಡುವುದಿಲ್ಲ. ಅದಕ್ಕೇ ನಾವು ಮಳೆ ನಿಂತ ಮೇಲೂ ಬರೀ ನೆಲದ ಹಸಿ ನಂಬಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುತ್ತೇವೆ. ಆ ಹಸಿಯೇ ಹಕ್ಕಿಗಳನ್ನೂ ಸಾಕುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಲದ ತುಂಬ ಹಸಿರು, ಹಸಿರಿನ ತುಂಬ ಮಿಡತೆ, ಹೂವಿನ ತುಂಬ ಹುಳ. ಬದುವಿನ ಹುಲ್ಲೆಲ್ಲ ಬೀಜ ಕಟ್ಟಿರುತ್ತದೆ. ಕೆರೆಗಳು ತುಂಬಿ, ಆಮೇಲೆ ನಿಧಾನವಾಗಿ ಇಳಿಯುತ್ತಾ ಹೊಸ ಹೊಸ ಕೆಸರು ತೆರೆಯುತ್ತಿರುತ್ತವೆ. ಹಗಲು ಡಿಸೆಂಬರ್‌ನಲ್ಲೂ 11 ಗಂಟೆ ಇರುತ್ತದೆ.

ಅಂದರೆ ಅವರ ಬರಗಾಲ ಶುರುವಾಗುವ ತಿಂಗಳಲ್ಲೇ ನಮ್ಮ ಸುಗ್ಗಿ ಶುರುವಾಗುತ್ತದೆ. ಉತ್ತರ ಕಜಕಿಸ್ತಾನದಿಂದ ಕಲಬುರಗಿಗೆ ನೇರ ಗೆರೆ ಎಳೆದರೂ ಸುಮಾರು 3,800 ಕಿ.ಮೀ. ಆಗುತ್ತದೆ. ಅಷ್ಟು ದೂರದ ಪ್ರಯಾಣದ ಕಷ್ಟಕ್ಕಿಂತ ಅಲ್ಲೇ ಉಳಿಯುವ ಕಷ್ಟ ದೊಡ್ಡದಾದಾಗ ವಲಸೆ ಹುಟ್ಟುತ್ತದೆ.

ಹಾಗಾದರೆ ಇಲ್ಲೇ ಯಾಕೆ ಇದ್ದುಬಿಡಬಾರದು ಎಂದು ಕೇಳಬಹುದು. ನಮ್ಮ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಕೆರೆ ಒಣಗಿ, ಹೊಲ ಬರಿದಾಗಿ, ಬಿಸಿಲು 42 ಡಿಗ್ರಿ ದಾಟಿರುತ್ತದೆ. ಮರಿ ಸಾಕಬೇಕಾದ ಹಕ್ಕಿಗೆ ದಿನವಿಡೀ ಹುಳ ಬೇಕು. ಉತ್ತರದ ಬೇಸಿಗೆಯಲ್ಲಿ 16 ಗಂಟೆ ಬೆಳಕು, ಎಲ್ಲೆಲ್ಲೂ ಹುಳ. ಮರಿಗೆ ಅದೇ ಒಳ್ಳೆಯ ಜಾಗ.

ಹಬ್ಬದ ಲೆಕ್ಕದಲ್ಲಿ ಯಾರು ಯಾವಾಗ

ನಮ್ಮ ಕಡೆ ಹಕ್ಕಿ ನೋಡಲು ಶುರು ಮಾಡುವವರಿಗೆ ನಾನು ಹೇಳುವುದು ಹಬ್ಬಗಳ ಲೆಕ್ಕ. ತಾರೀಕಿಗಿಂತ ಅದು ನೆನಪಿರುತ್ತದೆ.

ಎಲ್ಲರಿಗಿಂತ ಮೊದಲು ಬರುವುದು ಗುಲಾಬಿ ಮೈನಾ. ಗುಲಾಬಿ ಕಬ್ಬಕ್ಕಿ ಎಂದೂ ಕರೆಯುತ್ತಾರೆ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಿಡತೆ ಹೆಚ್ಚಿರುವ ಮೇ, ಜೂನ್‌ನಲ್ಲಿ ಸಾವಿರಾರು ಜೋಡಿ ಒಟ್ಟಿಗೆ ಕಲ್ಲುಸಂದಿಗಳಲ್ಲಿ ಗೂಡು ಕಟ್ಟಿ, ಬೇಗ ಬೇಗ ಮರಿ ಮಾಡಿ ಮುಗಿಸುತ್ತವೆ. ಮಿಡತೆ ಮುಗಿದ ಕೂಡಲೇ ಹೊರಟುಬಿಡುತ್ತವೆ. ಹಾಗಾಗಿ ಶ್ರಾವಣದಲ್ಲೇ ನಮ್ಮ ಕಡೆ ಮೊದಲ ಗುಂಪುಗಳು ಕಾಣಬಹುದು. ಮೈ ಗುಲಾಬಿ, ತಲೆ ಮತ್ತು ರೆಕ್ಕೆ ಕಪ್ಪು. ಮೊದಲ ವರ್ಷದ ಮರಿಗಳು ಬರೀ ಮಣ್ಣಿನ ಬಣ್ಣ, ಕೊಕ್ಕು ಹಳದಿ. ಹಾಗಾಗಿ ಗುಂಪಿನಲ್ಲಿ ಎರಡು ಬೇರೆ ಜಾತಿ ಇವೆಯೇನೋ ಅನ್ನಿಸುತ್ತದೆ. ಸಂಜೆ ಮಲಗುವ ಮರಕ್ಕೆ ಸೇರುವ ಮುಂಚೆ ಸಾವಿರಾರು ಹಕ್ಕಿ ಒಟ್ಟಿಗೆ ಸುತ್ತುತ್ತವೆ, ಹಿಗ್ಗುತ್ತವೆ, ಕುಗ್ಗುತ್ತವೆ, ಒಂದಕ್ಕೊಂದು ಬಡಿಯುವುದಿಲ್ಲ. ಪ್ರತಿ ಹಕ್ಕಿ ತನ್ನ ಸುತ್ತಲಿನ ಕೆಲವೇ ಹಕ್ಕಿಗಳನ್ನು ಗಮನಿಸಿ ಅವುಗಳಂತೆ ತಿರುಗುತ್ತದೆ. ಇಡೀ ಗುಂಪಿಗೆ ನಾಯಕ ಅಂತ ಯಾರೂ ಇರುವುದಿಲ್ಲ.

ಜೋಳ ಹಾಲುಗಾಳು ಕಟ್ಟಿದಾಗ ಇವೇ ಹಕ್ಕಿಗಳು ರೈತರಿಗೆ ದೊಡ್ಡ ತಲೆನೋವು. ಕವಣೆ ಹಿಡಿದು, ಡಬ್ಬಿ ಬಡಿದು ಹಕ್ಕಿ ಕಾಯುವವರ ಕಷ್ಟ ನಿಜವಾದದ್ದು, ಅದನ್ನು ಯಾರೂ ಚಿಕ್ಕದು ಮಾಡಬಾರದು. ಅದೇ ಗುಂಪು ಮಿಡತೆ, ಹಸಿರು ಹುಳಗಳನ್ನೂ ಅಷ್ಟೇ ಹಸಿವಿನಿಂದ ತಿನ್ನುತ್ತದೆ. ಒಂದೇ ಹಕ್ಕಿ ಒಂದು ತಿಂಗಳು ಲಾಭ, ಇನ್ನೊಂದು ತಿಂಗಳು ನಷ್ಟ. ಎರಡೂ ಮಾತು ಒಟ್ಟಿಗೇ ಹೇಳಬೇಕು.

ಗಣಪತಿ ಹಬ್ಬ ಮುಗಿದು ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಸಿಪಿಲೆಗಳು ಬರುತ್ತವೆ. ಕುಂಡೆಕುಸ್ಕ ಎಂದರೆ ಬೇಗ ಗೊತ್ತಾಗುತ್ತದೆ. ಬಾಲ ಮೇಲೆ ಕೆಳಗೆ ಆಡಿಸುತ್ತಾ ಓಡುವ ಹಕ್ಕಿ. ಬಿಳಿ, ಹಳದಿ, ಬೂದು ಎಂದು ಹಲವು ಬಗೆ. ಒಂದು ಎಚ್ಚರಿಕೆ: ಕೆರೆ ಕಟ್ಟೆಯ ಮೇಲೆ ಕಾಣುವ, ಕಪ್ಪು ತಲೆಗೆ ದಪ್ಪ ಬಿಳಿ ಹುಬ್ಬಿರುವ ದೊಡ್ಡ ಸಿಪಿಲೆ ನಮ್ಮೂರಿನದೇ, ವರ್ಷವಿಡೀ ಇರುತ್ತದೆ. ಅದನ್ನು ನೋಡಿ ವಲಸೆ ಬಂತು ಎಂದು ಬರೆದುಕೊಳ್ಳಬೇಡಿ. ಸಿಪಿಲೆಗಳ ಜೊತೆಜೊತೆಗೇ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಅಂಬರಗುಬ್ಬಿಗಳು ಕೂರುತ್ತವೆ.

ದಸರಾ ಹೊತ್ತಿಗೆ ನೀಲಕಂಠ ಕಣ್ಣಿಗೆ ಬೀಳಲು ಶುರುವಾಗುತ್ತದೆ. ಅದು ನಮ್ಮ ರಾಜ್ಯಪಕ್ಷಿ, ಪಕ್ಕದ ತೆಲಂಗಾಣದ್ದೂ ಹೌದು. ವಿಜಯದಶಮಿಯ ದಿನ ಇದನ್ನು ನೋಡಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಗಡಿಯ ಆಚೆ ಬಹಳ ಗಟ್ಟಿ. ಇದು ದೂರದೇಶದ ಹಕ್ಕಿಯಲ್ಲ. ಮಳೆ ನಿಂತು ಬಯಲು ತೆರೆದುಕೊಂಡಾಗ, ಬೇಟೆ ಸುಲಭವಾದಾಗ, ಹೊಲದ ಅಂಚಿನ ಕಂಬಗಳಿಗೆ ಬಂದು ಕೂರುತ್ತದೆ. ಕೂತಾಗ ಮಂಕು. ಹಾರಿದಾಗ ರೆಕ್ಕೆಯ ನೀಲಿ ಬಿಚ್ಚಿಕೊಳ್ಳುತ್ತದೆ. ಬನ್ನಿ ಕೊಡಲು ಊರಾಚೆ ಹೋಗುತ್ತೀರಲ್ಲ, ಆಗ ತಂತಿಗಳ ಮೇಲೆ ಕಣ್ಣಿಡಿ. ಹಬ್ಬದ ದಿನ ತೋರಿಸಲೆಂದು ಇದನ್ನು ಹಿಡಿದು ಪಂಜರದಲ್ಲಿ ತರುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಹಾಗೆ ತಂದವರಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಸೀಗಿ ಹುಣ್ಣಿಮೆಗೆ ಸೆಳೆವಗಳು, ಅಂದರೆ ಇಂಗ್ಲಿಷಿನಲ್ಲಿ ಹ್ಯಾರಿಯರ್ ಎನ್ನುವ ಬೇಟೆ ಹಕ್ಕಿಗಳು. ಈ ಹಕ್ಕಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಸೀಮೆಯ ನಿಜವಾದ ಅತಿಥಿ ಇದೇ ಎಂದು ನನಗೆ ಅನ್ನಿಸುತ್ತದೆ. ಹಲವರು ಇದನ್ನೂ ಹದ್ದು ಎಂದುಬಿಡುತ್ತಾರೆ. ಆದರೆ ಹಾರಾಟ ನೋಡಿದರೆ ಸಾಕು. ಹದ್ದು ಮೇಲೆ ಸುತ್ತುತ್ತದೆ. ಸೆಳೆವ ಬೆಳೆಯ ತಲೆ ಸವರುವಷ್ಟು ಕೆಳಗೆ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ, ಆಚೀಚೆ ವಾಲುತ್ತಾ ತೇಲುತ್ತದೆ. ತಟ್ಟನೆ ತಿರುಗಿ ಹುಲ್ಲಿಗೆ ಬೀಳುತ್ತದೆ. ಇದರ ಮುಖ ಸ್ವಲ್ಪ ಗೂಬೆಯ ಮುಖದ ಹಾಗೆ. ಮುಖದ ಸುತ್ತಲ ಗರಿಗಳು ಸದ್ದನ್ನು ಕಿವಿಗೆ ತಿರುಗಿಸುತ್ತವೆ. ಹುಲ್ಲಿನೊಳಗೆ ಇಲಿ ಓಡಾಡುವುದು, ಮಿಡತೆ ಸರಿದಾಡುವುದು ಅದಕ್ಕೆ ಕೇಳಿಸುತ್ತದೆ.

ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆ. ಕೆರೆಯ ಜೊಂಡಿನ ಮೇಲೆ ಹಾರುವ ದೊಡ್ಡದು ಜೌಗು ಸೆಳೆವ. ಹೊಲ, ಹುಲ್ಲುಬಯಲಿನ ಮೇಲೆ ಮಾಂಟೆಗು ಸೆಳೆವ ಮತ್ತು ಮಸುಕು ಸೆಳೆವ. ಈ ಎರಡರ ಗಂಡುಗಳು ಬೂದು ಬಣ್ಣ, ರೆಕ್ಕೆ ತುದಿ ಕಪ್ಪು. ಮಾಂಟೆಗುವಿನ ರೆಕ್ಕೆ ಮೇಲೆ ಒಂದು ಕಪ್ಪು ಪಟ್ಟಿ ಉದ್ದಕ್ಕೂ ಇರುತ್ತದೆ. ಮಸುಕು ಸೆಳೆವ ಇನ್ನೂ ಬಿಳಿಚು, ಪಟ್ಟಿ ಇಲ್ಲ, ತುದಿಯಲ್ಲಿ ಮಾತ್ರ ಕಪ್ಪು ಬೆಣೆ. ಹೆಣ್ಣುಗಳು ಎರಡೂ ಕಂದು, ಬಾಲದ ಬುಡದಲ್ಲಿ ಬಿಳಿ. ಹೆಣ್ಣನ್ನು ಬೇರೆ ಬೇರೆ ಗುರುತಿಸುವುದು ಅನುಭವಿಗಳಿಗೂ ಕಷ್ಟ. ಸುಮ್ನೆ ಸೆಳೆವ ಎಂದು ಬರೆದುಕೊಂಡರೆ ತಪ್ಪೇನಿಲ್ಲ.

ರಾತ್ರಿ ಇವು ಮರದ ಮೇಲೆ ಮಲಗುವುದಿಲ್ಲ. ನೆಲದ ಮೇಲೆ, ಎತ್ತರದ ಹುಲ್ಲಿನ ನಡುವೆ, ಗುಂಪಾಗಿ ಮಲಗುತ್ತವೆ. ಗುಜರಾತಿನ ಭಾವನಗರದ ಹತ್ತಿರ ವೇಲಾವದರ್ ಎಂಬಲ್ಲಿ ಜಗತ್ತಿನ ಅತಿ ದೊಡ್ಡ ಸೆಳೆವ ಮಲಗುದಾಣಗಳಲ್ಲೊಂದಿದೆ. ದಖ್ಖನ್ನಿನಲ್ಲೂ ಹುಲ್ಲುಬಯಲು ಉಳಿದ ಕಡೆ ಸಣ್ಣ ಸಣ್ಣ ಗುಂಪು ಸೇರುತ್ತವೆ. ಹಾಗಾಗಿ ಈ ಹಕ್ಕಿಗೆ ಎರಡು ಜಾಗ ಬೇಕು: ಹಗಲು ಬೇಟೆಗೆ ಹೊಲ, ರಾತ್ರಿಗೆ ಯಾರೂ ತುಳಿಯದ ಹುಲ್ಲು. ನಮ್ಮ ದಾಖಲೆಗಳಲ್ಲಿ ಆ ಹುಲ್ಲಿಗೆ ಪಾಳು ಭೂಮಿ, ಬಂಜರು ಎಂಬ ಹೆಸರು. ಬಂಜರು ಎಂದ ಮೇಲೆ ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು, ಸಾಲಾಗಿ ಗಿಡ ನೆಟ್ಟು ಕಾಡು ಮಾಡುತ್ತೇವೆ ಅನ್ನಬಹುದು. ಹುಲ್ಲುಬಯಲಿಗೆ ಮರ ಬೇಡ. ಬೀದರ್ ಕಡೆ ಕೃಷ್ಣಮೃಗ ಓಡಾಡುವ ಬಯಲುಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕೃಷ್ಣಮೃಗಕ್ಕೆ ಬೇಕಾದದ್ದೂ ಸೆಳೆವಕ್ಕೆ ಬೇಕಾದದ್ದೂ ಒಂದೇ ನೆಲ.

ದೀಪಾವಳಿಯಿಂದ ಎಳ್ಳಮಾವಾಸ್ಯೆವರೆಗೆ ಬಾತುಗಳ ಕಾಲ. ಸುರಪುರ ತಾಲೂಕಿನ ಬೋನಾಳ ಕೆರೆ, ಬೀದರ್ ಜಿಲ್ಲೆಯ ಕಾರಂಜಾ ಜಲಾಶಯ, ಚಿಂಚೋಳಿಯ ಚಂದ್ರಂಪಳ್ಳಿ, ಹೀಗೆ ನೀರು ನಿಂತ ಕಡೆ ನೋಡಬೇಕು. ಬೋನಾಳ ಕೆರೆ ಸುರಪುರ ಸಂಸ್ಥಾನದ ಕಾಲದ್ದು. 19ನೇ ಶತಮಾನದಲ್ಲಿ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿ ಮಾಡಿಸಿದ. ಈಗ ಅದು ಪಕ್ಷಿಧಾಮ. ಬಾತು ಗುರುತಿಸಲು ಅಕ್ಟೋಬರ್‌ನಲ್ಲಿ ತಿಣುಕಬೇಡಿ. ಆಗ ಗಂಡು ಬಾತುಗಳೂ ಹೆಣ್ಣಿನ ಮಂಕು ಬಣ್ಣದಲ್ಲೇ ಇರುತ್ತವೆ, ಗರಿ ಬದಲಾಯಿಸುತ್ತಿರುತ್ತವೆ. ಡಿಸೆಂಬರ್‌ಗೆ ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು ಎಲ್ಲ ಬಣ್ಣಕ್ಕೆ ಬಂದಿರುತ್ತವೆ.

ಬಾತಿಗಿಂತ ನನಗೆ ಕೆರೆಯ ಕೆಸರಿನ ಅಂಚು ಇಷ್ಟ. ಗದ್ದೆಗೊರವ, ಉಲ್ಲಂಕಿ, ಮೆಟ್ಟುಗಾಲು ಹಕ್ಕಿ ಎಲ್ಲ ಒಂದೇ ಕೆಸರಿನಲ್ಲಿ ಜಗಳವಿಲ್ಲದೆ ಮೇಯುತ್ತವೆ. ಕಾರಣ ಕೊಕ್ಕಿನ ಉದ್ದ. ಚಿಕ್ಕ ಕೊಕ್ಕಿನದು ಮೇಲಿನ ಹುಳ ಹೆಕ್ಕುತ್ತದೆ, ಉದ್ದ ಕೊಕ್ಕಿನದು ಆಳದಿಂದ ಎಳೆಯುತ್ತದೆ, ಉದ್ದ ಕಾಲಿನದು ನೀರೊಳಗೆ ನಿಂತು ಹುಡುಕುತ್ತದೆ. ಕೆರೆಗೆ ಸುತ್ತಲೂ ಕಲ್ಲಿನ ಗೋಡೆ ಕಟ್ಟಿ ಅಂದ ಮಾಡಿದರೆ ನೀರು ಉಳಿಯುತ್ತದೆ, ಈ ಕೆಸರಿನ ಅಂಚು ಹೋಗುತ್ತದೆ. ಅದರ ಜೊತೆಗೆ ಹಕ್ಕಿಯೂ ಹೋಗುತ್ತದೆ.

ಹೊತ್ತು ತಿಳಿಯುವುದು ಹೇಗೆ, ದಾರಿ ತಿಳಿಯುವುದು ಹೇಗೆ

ಕ್ಯಾಲೆಂಡರ್ ಇಲ್ಲದ ಹಕ್ಕಿಗೆ ಹೊರಡುವ ದಿನ ಹೇಗೆ ಗೊತ್ತಾಗುತ್ತದೆ? ಮುಖ್ಯ ಸೂಚನೆ ಹಗಲಿನ ಉದ್ದ. ಮಳೆ ಒಂದು ವರ್ಷ ಬೇಗ, ಒಂದು ವರ್ಷ ತಡ. ಚಳಿಯೂ ಹಾಗೇ. ಹಗಲಿನ ಉದ್ದ ಮಾತ್ರ ಪ್ರತಿ ವರ್ಷ ಅದೇ ದಿನ ಅಷ್ಟೇ ಇರುತ್ತದೆ, ಮೋಸ ಮಾಡುವುದಿಲ್ಲ. ಹಗಲು ಕುಗ್ಗತೊಡಗಿದ್ದನ್ನು ಹಕ್ಕಿಯ ಮೆದುಳು ಗುರುತಿಸುತ್ತದೆ. ಹಾರ್ಮೋನು ಬದಲಾಗುತ್ತವೆ. ಹಸಿವು ಒಮ್ಮೆಲೇ ಹೆಚ್ಚುತ್ತದೆ. ಪಂಜರದಲ್ಲಿಟ್ಟ ವಲಸೆ ಹಕ್ಕಿ ಕೂಡ ಆ ದಿನಗಳಲ್ಲಿ ರಾತ್ರಿ ನಿದ್ದೆ ಬಿಟ್ಟು ರೆಕ್ಕೆ ಬಡಿಯುತ್ತದೆ, ಹೋಗಬೇಕಾದ ದಿಕ್ಕಿಗೇ ಜಿಗಿಯುತ್ತದೆ. ವಿಜ್ಞಾನಿಗಳು ವಲಸೆಯ ಬಗ್ಗೆ ಕಲಿತದ್ದರಲ್ಲಿ ಬಹಳಷ್ಟು ಈ ಚಡಪಡಿಕೆಯನ್ನು ನೋಡಿಯೇ.

ಹೊರಡುವ ಮುಂಚೆ ಹಕ್ಕಿ ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಅದು ದಾರಿಯ ಬುತ್ತಿ. ಒಂದು ಗ್ರಾಂ ಕೊಬ್ಬಿನಲ್ಲಿ ಅಷ್ಟೇ ತೂಕದ ಹಿಟ್ಟು, ಸಕ್ಕರೆಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. ಹೊತ್ತು ಹಾರುವವರಿಗೆ ಇದಕ್ಕಿಂತ ಹಗುರ ಬೇರೆ ಇಲ್ಲ. ದೊಡ್ಡ ಸಮುದ್ರ, ಮರುಭೂಮಿ ದಾಟಬೇಕಾದ ಕೆಲವು ಪುಟ್ಟ ಹಕ್ಕಿಗಳು ತಮ್ಮ ತೂಕವನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡಿಕೊಳ್ಳುತ್ತವೆ. ಕೆಲವು ಕೆಸರು ಹಕ್ಕಿಗಳು ಹೊರಡುವ ಮುಂಚೆ ತಮ್ಮ ಜಠರ, ಕರುಳನ್ನೂ ಕುಗ್ಗಿಸಿಕೊಳ್ಳುತ್ತವೆ. ದಾರಿಯಲ್ಲಿ ಊಟವಿಲ್ಲ ಎಂದ ಮೇಲೆ ಆ ಭಾರ ಯಾಕೆ?

ದಾರಿಗೆ ಹಕ್ಕಿಗಳ ಹತ್ತಿರ ಒಂದಕ್ಕಿಂತ ಹೆಚ್ಚು ಉಪಾಯಗಳಿವೆ. ಹಗಲು ಸೂರ್ಯ. ರಾತ್ರಿ ನಕ್ಷತ್ರ. ಅಮೆರಿಕದ ವಿಜ್ಞಾನಿ ಎಮ್ಲೆನ್ 1960ರ ದಶಕದಲ್ಲಿ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ನೋಡಿದ. ಕೃತಕ ಆಕಾಶವನ್ನು ತಿರುಗಿಸಿದರೆ ಹಕ್ಕಿಗಳೂ ದಿಕ್ಕು ಬದಲಿಸಿದವು. ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂದು ಮರಿಗಳು ನೋಡಿ ಕಲಿಯುತ್ತವೆ ಎಂದು ಆಮೇಲೆ ಗೊತ್ತಾಯಿತು. ನಾವು ಧ್ರುವನಕ್ಷತ್ರ ಅನ್ನುತ್ತೇವಲ್ಲ, ಅದೇ ಜಾಗ. ಮೋಡ ಮುಚ್ಚಿದರೆ ಭೂಮಿಯ ಕಾಂತಶಕ್ತಿ ಇದೆ. ಅದನ್ನು ಹಕ್ಕಿ ಹೇಗೆ ಅರಿಯುತ್ತದೆ ಎಂಬ ಅಧ್ಯಯನ ಇನ್ನೂ ನಡೆದಿದೆ. ಕಣ್ಣಿನೊಳಗಿನ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನ್ ಇದಕ್ಕೆ ಕಾರಣ ಇರಬೇಕು ಎಂಬ ಕಡೆಗೆ ಹೆಚ್ಚಿನ ಸಾಕ್ಷ್ಯಗಳು ಬೊಟ್ಟು ಮಾಡುತ್ತವೆ.

ಇದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಕಲಿತದ್ದೆಷ್ಟು? ಇದಕ್ಕೆ ಒಂದು ಸೊಗಸಾದ ಪ್ರಯೋಗ ಇದೆ. 1950ರ ದಶಕದಲ್ಲಿ ಪರ್ಡೆಕ್ ಎಂಬ ಡಚ್ ವಿಜ್ಞಾನಿ ವಲಸೆ ಹೊರಟ ಸುಮಾರು 11,000 ಸ್ಟಾರ್ಲಿಂಗ್ ಹಕ್ಕಿಗಳನ್ನು ಹಾಲೆಂಡಿನಲ್ಲಿ ಹಿಡಿದು, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟ. ಇವು ನಮ್ಮ ಗುಲಾಬಿ ಮೈನಾದ ದಾಯಾದಿಗಳು. ಹಳೆಯ ಹಕ್ಕಿಗಳು ಜಾಗ ತಪ್ಪಿದ್ದನ್ನು ಅರಿತು, ದಿಕ್ಕು ತಿದ್ದಿಕೊಂಡು, ತಾವು ಪ್ರತಿ ವರ್ಷ ಹೋಗುವ ಊರಿಗೇ ಹೋದವು. ಮೊದಲ ಸಲ ಹೊರಟ ಮರಿಗಳು ಹಾಲೆಂಡಿನಿಂದ ಯಾವ ದಿಕ್ಕಿಗೆ ಹಾರಬೇಕಿತ್ತೋ ಅದೇ ದಿಕ್ಕಿಗೆ ಹಾರಿ ಸ್ಪೇನ್ ಕಡೆ ತಲುಪಿದವು. ಅಂದರೆ ದಿಕ್ಕು ಹುಟ್ಟಿನಿಂದ ಬರುತ್ತದೆ, ಊರು ಅನುಭವದಿಂದ. ಒಮ್ಮೆ ಬಂದು ಹೋದ ಹಕ್ಕಿ ಮುಂದಿನ ವರ್ಷ ಅದೇ ಕೆರೆಗೆ, ಕೆಲವೊಮ್ಮೆ ಅದೇ ಮರಕ್ಕೆ ಬರಬಲ್ಲದು. ಒಂದು ಕೆರೆಯನ್ನು ಮುಚ್ಚಿದರೆ, ಬಂದು ಹುಡುಕುವ ಹಕ್ಕಿಗಳಿರುತ್ತವೆ ಎಂದೂ ಇದರ ಅರ್ಥ.

ಉತ್ತರದಿಂದ ಬರುವ ಬಹುತೇಕ ಹಕ್ಕಿಗಳ ಈ ಹೆದ್ದಾರಿಗೆ ಮಧ್ಯ ಏಷ್ಯಾ ಹಾರುದಾರಿ ಎಂದು ಹೆಸರು. 30 ದೇಶಗಳ ಮೇಲೆ ಹಾದುಹೋಗುತ್ತದೆ. ನಡುವೆ ಹಿಮಾಲಯ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಅದನ್ನು ದಾಟಿಯೇ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅದರ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಮಂಗೋಲಿಯದಲ್ಲಿ ಕೊರಳಪಟ್ಟಿ ಹಾಕಿದ ಹೆಬ್ಬಾತುಗಳು ಮೈಸೂರು ಕಡೆಯ ಕೆರೆಗಳಲ್ಲಿ ಕಂಡಿವೆ.

ನಮ್ಮ ಮೇಲೆ ಹಾದು ಸಮುದ್ರಕ್ಕೆ ಹೋಗುವವರು

ಎಲ್ಲರೂ ಇಲ್ಲಿ ಇಳಿಯುವುದಿಲ್ಲ. ಅಮೂರ್ ಫಾಲ್ಕನ್ ಎಂಬ ಪುಟ್ಟ ಡೇಗೆ ಸೈಬೀರಿಯದ ಆಗ್ನೇಯ ಮೂಲೆ ಮತ್ತು ಉತ್ತರ ಚೀನಾದಿಂದ ಹೊರಡುತ್ತದೆ. ತೂಕ ಸುಮಾರು 150 ಗ್ರಾಂ. ಅಕ್ಟೋಬರ್, ನವೆಂಬರ್‌ನಲ್ಲಿ ನಾಗಾಲ್ಯಾಂಡಿನಲ್ಲಿ ಲಕ್ಷಗಟ್ಟಲೆ ಸೇರುತ್ತದೆ. ಅಲ್ಲಿಂದ ಹೊರಟರೆ ದಖ್ಖನ್ ದಾಟಿ, ಅರಬ್ಬಿ ಸಮುದ್ರ ದಾಟಿ, ಆಫ್ರಿಕದ ದಕ್ಷಿಣಕ್ಕೆ. ಸಮುದ್ರದ ಮೇಲೇ ಸುಮಾರು 3,000 ಕಿ.ಮೀ. ನಿಲ್ಲದೆ ಹಾರಬೇಕು. 2012ರವರೆಗೂ ನಾಗಾಲ್ಯಾಂಡಿನಲ್ಲಿ ಇವನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿಯುತ್ತಿದ್ದರು. ಮರುವರ್ಷವೇ ಪಾಂಗ್ಟಿ ಮತ್ತು ಸುತ್ತಲ ಹಳ್ಳಿಗಳ ಜನ ಬೇಟೆ ನಿಲ್ಲಿಸಿದರು. ಅದೇ ವರ್ಷ ಉಪಗ್ರಹ ಟ್ಯಾಗ್ ಕಟ್ಟಿದ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ಟಿ ಎಂದೇ ಹೆಸರಿಟ್ಟರು. ಊರಿನ ಜನ ಮನಸ್ಸು ಮಾಡಿದರೆ ಎಷ್ಟು ಬೇಗ ಬದಲಾವಣೆ ಆಗುತ್ತದೆ ಎಂದು ಈ ಸಂಗತಿ ನನಗೆ ಪ್ರತಿ ಸಲ ಧೈರ್ಯ ಕೊಡುತ್ತದೆ.

ಇನ್ನೊಬ್ಬ ಪ್ರಯಾಣಿಕ ನಿಮ್ಮ ಅಂಗಳದಲ್ಲೇ ಇದೆ. ಮಳೆ ನಿಂತ ಸಂಜೆಗಳಲ್ಲಿ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು ತಲೆ ಮೇಲೆ ಗುಂಪಾಗಿ ಹಾರುತ್ತವೆ, ಎಲ್ಲೂ ಕೂರುವುದೇ ಇಲ್ಲ. ಮಕ್ಕಳು ಹಿಡಿಯಲು ಓಡುತ್ತಾರಲ್ಲ, ಅವೇ. ಇವು ಮಳೆನೀರಿನ ಗುಂಡಿಯಲ್ಲಿ ಮೊಟ್ಟೆ ಇಡುತ್ತವೆ. ಗುಂಡಿ ಒಣಗುವ ಮುಂಚೆ, ಸುಮಾರು ಆರು ವಾರದಲ್ಲಿ, ಹೊಸ ಪೀಳಿಗೆ ಹಾರಿ ಹೊರಡುತ್ತದೆ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಒಂದು ವಿಚಿತ್ರ ಗಮನಿಸಿದ. ಸಿಹಿನೀರಿನ ಕೆರೆಕುಂಟೆ ಇಲ್ಲದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರ್‌ನಲ್ಲಿ ಇವು ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಭಾರತದಿಂದ ಹೊರಟು, ಗಾಳಿಯ ಸಹಾಯದಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಕ್ಕೆ ಹೋಗುತ್ತಿವೆ ಎಂದು 2009ರಲ್ಲಿ ಬರೆದ. ಒಂದೇ ಕೀಟ ಹೋಗಿ ಬರುವುದಿಲ್ಲ. ಹಲವು ಪೀಳಿಗೆ ಸೇರಿ ಒಂದು ಸುತ್ತು ಮುಗಿಸುತ್ತವೆ. ಅಮೂರ್ ಡೇಗೆಯ ದಾರಿಯೂ ಕಾಲವೂ ಇದಕ್ಕೆ ಹೊಂದುತ್ತದೆ. ಸಮುದ್ರದ ಮೇಲೆ ಅದಕ್ಕೆ ಇವೇ ಆಹಾರ ಇರಬಹುದು ಎಂಬುದು ಆಂಡರ್ಸನ್ ಊಹೆ.

ಹಿತ್ತಲಲ್ಲಿ

ಕೆರೆಗೆ ಹೋಗಲು ಆಗದವರು ಬೇಸರ ಮಾಡಿಕೊಳ್ಳಬೇಕಿಲ್ಲ. ದಾಸವಾಳ, ಕರಿಬೇವು, ನುಗ್ಗೆ, ಒಂದು ಬೇವು ಇದ್ದರೆ ಸಾಕು. ಅಕ್ಟೋಬರ್‌ನ ಬೆಳಗ್ಗೆ ಬೇಲಿಯೊಳಗಿಂದ "ಚೆಕ್, ಚೆಕ್" ಎಂದು ಕಲ್ಲಿಗೆ ಕಲ್ಲು ತಾಗಿದ ಸದ್ದು ಬರುತ್ತಿದ್ದರೆ ಅದು ಬ್ಲೈತ್ ರೀಡ್ ವಾರ್ಬ್ಲರ್ ಎಂಬ ಉಲಿಯಕ್ಕಿ ಇರಬಹುದು. ಹತ್ತು ಹನ್ನೆರಡು ಗ್ರಾಂ ತೂಕದ, ಮಣ್ಣಿನ ಬಣ್ಣದ ಜೀವ. ಫಿನ್ಲೆಂಡಿನಿಂದ ಸೈಬೀರಿಯದವರೆಗಿನ ನಾಡು ಅದರ ತವರು. ಕಣ್ಣಿಗೆ ಬೀಳುವುದು ಅಪರೂಪ, ಕಿವಿಗೆ ಬೀಳುವುದು ಸುಲಭ. ಇಂಥ ಪುಟ್ಟ ಹಕ್ಕಿಗಳು ಹೆಚ್ಚಾಗಿ ರಾತ್ರಿ ಪ್ರಯಾಣ ಮಾಡುತ್ತವೆ. ರಾತ್ರಿ ಗಾಳಿ ತಂಪು, ಡೇಗೆಗಳ ಕಾಟ ಇಲ್ಲ, ಹಗಲು ಪೂರ್ತಿ ಮೇಯಲು ಉಳಿಯುತ್ತದೆ.

ಸೂರಕ್ಕಿಯ ಗಂಡನ್ನು ಈಗ ಗಮನಿಸಿ. ಬೇಸಿಗೆಯಲ್ಲಿ ಮಿರಿಮಿರಿ ನೇರಳೆ ಇದ್ದದ್ದು ಈಗ ಹೆಣ್ಣಿನಷ್ಟೇ ಹಳದಿ, ಗಂಟಲಿನಿಂದ ಹೊಟ್ಟೆವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿದಿರುತ್ತದೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡರೆ ಒರೆಸುವ ಮುಂಚೆ ಬಗ್ಗಿ ನೋಡಿ, ಅದು ಚಿಟ್ಟೆಯ ಮರಿಹುಳ ಇರಬಹುದು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲ, ಅದೇ ಅದರ ರಕ್ಷಣೆ. ಎಕ್ಕೆ ಗಿಡದಲ್ಲಿ ಪಟ್ಟೆ ಪಟ್ಟೆ ಹುಳ ಬೇರೆ ಜಾತಿಯದು. ಎಕ್ಕೆಯ ವಿಷವನ್ನೇ ಮೈಗೂಡಿಸಿಕೊಂಡು, ನನ್ನನ್ನು ತಿನ್ನಬೇಡ ಎಂದು ಬಣ್ಣದಲ್ಲೇ ಸಾರುತ್ತದೆ. ಸಿಂಪಿಗ ಹಕ್ಕಿ, ಪಿಕಳಾರ, ಓತಿಕ್ಯಾತ ಎಲ್ಲ ಈ ಹುಳಗಳ ಸುತ್ತಲೇ. ಹಳ್ಳಿಯಲ್ಲಾದರೆ ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜುಗನ ಗೂಡುಗಳು ಇನ್ನೂ ತೂಗುತ್ತಿರುತ್ತವೆ. ಗೂಡು ನೇಯುವುದು ಗಂಡು. ಅರ್ಧ ಮುಗಿದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಉಳಿದರ್ಧ.

ಹಿತ್ತಲಿಗೆ ಮಾಡಬೇಕಾದ ಕೆಲಸ ಕಡಿಮೆ. ಅಗಲವಾದ ಮಣ್ಣಿನ ಪರಿಯಾಣದಲ್ಲಿ ಎರಡು ಬೆರಳು ಆಳ ನೀರಿಡಿ, ಮೂರು ದಿನಕ್ಕೊಮ್ಮೆ ತೊಳೆದು ಬದಲಿಸಿ. ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ. ದೀಪಾವಳಿಗೆ ಹಿತ್ತಲು ಸ್ವಚ್ಛ ಮಾಡುವಾಗ ಒಂದು ಮೂಲೆಯ ಹುಲ್ಲು, ಒಣಎಲೆ ಹಾಗೇ ಬಿಡಿ.

ತೊಗರಿ ಹೊಲ ಇರುವವರಿಗೆ ಇನ್ನೂ ಒಂದು ಮಾತು. ಅಕ್ಟೋಬರ್, ನವೆಂಬರ್‌ನಲ್ಲಿ ತೊಗರಿ ಹೂವಿಗೆ ಬಂದಾಗಲೇ ಕಾಯಿಕೊರಕ ಹುಳದ ಕಾಟ. ಕಾಜಾಣ, ಗೊರವಂಕ, ಬೆಳ್ಳಕ್ಕಿಗೆ ಅದು ಇಷ್ಟದ ಊಟ. ಆದರೆ ಬೇಟೆ ನೋಡಲು ಕೂರುವ ಜಾಗ ಬೇಕು. ಹೆಕ್ಟೇರಿಗೆ ಸುಮಾರು 50ರಂತೆ, ಬೆಳೆಗಿಂತ ಎತ್ತರಕ್ಕೆ, ಮೇಲೆ ಅಡ್ಡ ಕೋಲು ಕಟ್ಟಿದ ಗೂಟ ನೆಡಬೇಕು ಎಂದು ಕೃಷಿ ತಜ್ಞರು ಹೇಳುವುದು ಅದಕ್ಕೇ. ನಮ್ಮ ರೈತರು ತೊಗರಿ ಗಿಡ ಅಲುಗಾಡಿಸಿ ಹುಳ ಬೀಳಿಸುವ ಪದ್ಧತಿ ಹಳೆಯದು. ಗಿಡ ಅಲುಗಾಡಿಸಿದ ಹೊತ್ತಿಗೆ ಗೂಟದ ಮೇಲೆ ಕಾಜಾಣ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಕಾಳು ಕಟ್ಟುವ ಜೋಳದ ಪಕ್ಕ ಮಾತ್ರ ಗೂಟ ಬೇಡ. ಅಲ್ಲಿ ಅದು ಕಾಳು ತಿನ್ನುವವರಿಗೆ ಆಸನ ಆಗುತ್ತದೆ.

ನೋಡುವುದು, ಬರೆಯುವುದು

ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ ಒಳ್ಳೆಯದು. ಕೆರೆಯಾದರೆ ಬೆಳಗ್ಗೆ ಪೂರ್ವದ ದಂಡೆಯಲ್ಲಿ ನಿಲ್ಲಿ, ಬಿಸಿಲು ನಿಮ್ಮ ಬೆನ್ನಿಗಿರುತ್ತದೆ, ಹಕ್ಕಿಯ ಬಣ್ಣ ಕಾಣುತ್ತದೆ. ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವ 8x42 ಸಾಕು. ಅದಕ್ಕಿಂತ ಹೆಚ್ಚು ಹಿಗ್ಗಿಸುವುದು ಕೈಯಲ್ಲಿ ನಡುಗುತ್ತದೆ. ಹಕ್ಕಿಯ ಹೆಸರಿನ ಹಿಂದೆ ಓಡುವ ಮುಂಚೆ ನಾಲ್ಕು ವಿಷಯ ನೋಡಿ: ಗುಬ್ಬಿಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕಿನ ಆಕಾರ, ಏನು ತಿನ್ನುತ್ತಿದೆ, ಬಾಲ ಹೇಗೆ ಆಡಿಸುತ್ತದೆ. ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡರೆ ಹೆಸರು ಹುಡುಕಲು ಸಹಾಯ ಆಗುತ್ತದೆ.

ಕಂಡದ್ದನ್ನು ಇ-ಬರ್ಡ್‌ಗೆ ಸೇರಿಸಿ. ಅದು ಹಕ್ಕಿ ನೋಡುವವರು ತಾವು ಕಂಡ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣ. ಬೆಂಗಳೂರು, ಮೈಸೂರಿನ ಮೇಲೆ ಅದರಲ್ಲಿ ರಾಶಿ ರಾಶಿ ಪಟ್ಟಿಗಳಿವೆ. ನಮ್ಮ ಮೂರು ಜಿಲ್ಲೆಗಳಿಂದ ಹೋಗುವ ಪಟ್ಟಿ ಬಹಳ ಕಡಿಮೆ. ಅಫಜಲಪುರದ ಭೀಮಾ ದಂಡೆಯಿಂದಲೋ ಔರಾದಿನ ಹೊಲದಿಂದಲೋ ಯಾರಾದರೂ ಒಂದು ಪಟ್ಟಿ ಕಳಿಸಿದರೆ ಅದಕ್ಕೆ ದೊಡ್ಡ ಬೆಲೆ ಇದೆ. ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ. ಎಲ್ಲಿ ಹಕ್ಕಿ ಇಲ್ಲ ಎಂಬುದೂ ಮಾಹಿತಿಯೇ. ಸೆಳೆವಗಳು ಮಲಗುವ ಹುಲ್ಲು ಸಿಕ್ಕರೆ ಮಾತ್ರ ದೂರದಿಂದಲೇ ನೋಡಿ. ಕತ್ತಲಾಗುವಾಗ ಒಮ್ಮೆ ಎಬ್ಬಿಸಿದರೆ ಅವಕ್ಕೆ ಬೇರೆ ಜಾಗ ಹುಡುಕಲು ಬೆಳಕಿರುವುದಿಲ್ಲ.

ವಾಪಸ್ ಹೋಗುವ ಸರದಿ ಫೆಬ್ರುವರಿಯಿಂದ ಶುರು. ಕೆರೆ ಇಳಿದ ಹಾಗೆ ಬಾತುಗಳು ಮೊದಲು ಜಾಗ ಬಿಡುತ್ತವೆ. ಮಾರ್ಚ್‌ನಲ್ಲಿ ಸೆಳೆವಗಳು ಕಡಿಮೆಯಾಗುತ್ತವೆ. ಗುಲಾಬಿ ಮೈನಾಗಳು ಮಾತ್ರ ಯುಗಾದಿ ದಾಟಿ ಏಪ್ರಿಲ್‌ವರೆಗೂ ಇರುತ್ತವೆ, ಮುತ್ತುಗ, ಬೂರುಗದ ಹೂವಿನ ಮಕರಂದ ಕುಡಿದು ಮತ್ತೆ ಕೊಬ್ಬು ತುಂಬಿಕೊಳ್ಳುತ್ತವೆ. ಆ ದಿನಗಳಲ್ಲಿ ಚಿಂಚೋಳಿ ಕಡೆ ಹೋದರೆ ಹೂಬಿಟ್ಟ ಮುತ್ತುಗದ ಮರಗಳನ್ನು ಬೆಳಗ್ಗೆಯೇ ನೋಡಿ. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಲೆಕ್ಕ ಹಾಕಿದರೆ, ಆ ಹಕ್ಕಿ ವರ್ಷದ ಹೆಚ್ಚಿನ ತಿಂಗಳು ಕಳೆಯುವುದು ಭಾರತದಲ್ಲೇ.